ಬೇಲಿಯ ಕವಳೆ ಮತ್ತು ‘ಹೃದ್ಯ’ ಎಂಬ ಮಾತು

ಕುಣಿಗಲ್‌ನಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ಹುಲಿಯೂರುದುರ್ಗದ ಬೆಟ್ಟ ಎದುರಾಗುವ ಹೊತ್ತಿಗೆ, ಜೂನ್ ತಿಂಗಳಾಗಿದ್ದರೆ, ರಸ್ತೆ ಬದಿಯಲ್ಲಿ ಯಾರಾದರೂ ಅಜ್ಜಿ ಮೊರದ ತುಂಬ ಕಪ್ಪು ಹಣ್ಣು ಹರವಿಕೊಂಡು ಕೂತಿರುತ್ತಾಳೆ. ತಕ್ಕಡಿ ಇಲ್ಲ, ಲೋಟದ ಅಳತೆ. ಗಜ್ಜುಗಕ್ಕಿಂತ ಚಿಕ್ಕದಾದ, ಒತ್ತಿದರೆ ನೇರಳೆ ಬಣ್ಣದ ರಸ ಬಿಡುವ ಕವಳೆಹಣ್ಣು. ಈಚೆಗೆ ಕೊಳ್ಳುವವರು ಬೆಲೆಗಿಂತ ಮುಂಚೆ ಇನ್ನೊಂದು ಮಾತು ಕೇಳುತ್ತಾರೆ: “ಅಜ್ಜಿ, ಇದು ಹಾರ್ಟಿಗೆ ಒಳ್ಳೇದಂತೆ, ಹೌದಾ?” ಹೋದ ವರ್ಷ ನಾನು ನಿಂತಿದ್ದಾಗಲೂ ಒಬ್ಬರು ಕೇಳಿದರು. ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ತಿಂದ್ ನೋಡು ಮಗ, ಬಾಯಿಗೆ ಹಿತವಾಗೈತೆ” ಎಂದು ನಾಲ್ಕು ಹಣ್ಣು ಕೈಗಿಟ್ಟಳು.

ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುತ್ತ ಹೋದರೆ ಚರಕಸಂಹಿತೆಯಿಂದ ಹಿಡಿದು ಯುರೋಪಿನ ಆಸ್ಪತ್ರೆಗಳವರೆಗೆ ಸುತ್ತಬೇಕಾಗುತ್ತದೆ. ಸುತ್ತಿ ಬಂದ ಮೇಲೂ ಅಜ್ಜಿಯ ಉತ್ತರವೇ ಹೆಚ್ಚು ನಿಜ ಅನ್ನಿಸುತ್ತದೆ. ಹೇಗೆಂದು ಹೇಳುವುದಕ್ಕೆ ಮೊದಲು ಗಿಡದ ಪರಿಚಯ ಆಗಬೇಕು.

ಬಯಲುಸೀಮೆಯ ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಿ ಕಾರೆ, ಕವಳೆ ಎರಡೂ ಜೊತೆಯಲ್ಲೇ ಬೆಳೆಯುತ್ತವೆ. ನಮ್ಮ ಕಡೆ ‘ಕಾರೆ-ಕವಳೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಅವೆರಡೂ ನಂಟರಲ್ಲ. ಕಾರೆ ಕಾಫಿಯ ಕುಟುಂಬದ್ದು. ಜೋಡಿಜೋಡಿಯಾಗಿ ಎದುರುಬದುರು ಚಾಚಿದ ನೇರ ಮುಳ್ಳು, ಹಳದಿ ಹಣ್ಣು, ಒಳಗೆ ಎರಡು ಗಟ್ಟಿ ಬೀಜ. ಕವಳೆ ಕಣಗಿಲೆಯ ಕುಟುಂಬದ್ದು. ಎಲೆ ದಪ್ಪ, ಹೊಳಪು. ಕಿತ್ತರೆ ಹಾಲು ಒಸರುತ್ತದೆ. ಬೇಸಿಗೆಯಲ್ಲಿ ಮಲ್ಲಿಗೆಯಂಥ ಬಿಳಿ ಹೂಗೊಂಚಲು, ಮಲ್ಲಿಗೆಯದೇ ಕಂಪು. ಕಾಯಿ ಹಸಿರಿನಿಂದ ಕೆಂಪಿಗೆ ತಿರುಗಿ, ಮೃಗಶಿರ ಮಳೆಯ ಹೊತ್ತಿಗೆ ಕಪ್ಪಾಗುತ್ತದೆ. ಬೆಟ್ಟದ ಬುಡದಲ್ಲಿ ತಾನಾಗಿ ಬೆಳೆಯುವ ಸಣ್ಣ ಕವಳೆಗೆ ಸಸ್ಯಶಾಸ್ತ್ರದಲ್ಲಿ ಕ್ಯಾರಿಸ್ಸಾ ಸ್ಪೈನೇರಮ್ ಎಂದು ಹೆಸರು. ಲಿನೇಯಸ್ 1771ರಲ್ಲಿ ಇಟ್ಟದ್ದು. ಅದಕ್ಕೆ 4 ವರ್ಷ ಮೊದಲು, 1767ರಲ್ಲಿ, ಅವನೇ ಕ್ಯಾರಿಸ್ಸಾ ಕ್ಯಾರಂಡಾಸ್ ಎಂದು ಕರೆದದ್ದು ದೊಡ್ಡ ಕವಳೆ. ಉತ್ತರದವರ ಕರೌಂದಾ ಅದು. ಉಪ್ಪಿನಕಾಯಿಗೆಂದು ತೋಟದಲ್ಲಿ ಬೆಳೆಸುವುದು ಹೆಚ್ಚಾಗಿ ಇದನ್ನೇ.

ಹೆಸರುಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮದ್ದಿನ ಅಪಾಯವೆಲ್ಲ ಶುರುವಾಗುವುದು ಹೆಸರಿನಲ್ಲೇ. ಮಲೆನಾಡಿನಲ್ಲಿ ಕವಳಿ, ತುಳುವಿನಲ್ಲಿ ಕರಂಡೆ, ತಮಿಳಿನಲ್ಲಿ ಕಳಾ, ತೆಲುಗಿನಲ್ಲಿ ವಾಕ, ಮರಾಠಿಯಲ್ಲಿ ಕರವಂದ, ಸಂಸ್ಕೃತದಲ್ಲಿ ಕರಮರ್ದ. ಕೊಂಕಣದ ಘಟ್ಟಗಳಲ್ಲಿ ಮಾರುವವರು ಇದನ್ನು ‘ಗುಡ್ಡದ ಕಪ್ಪು ಮೈನಾ’ ಎಂದು ಕೂಗಿ ಮಾರುತ್ತಾರೆ. ಇಷ್ಟರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ಕಾರೆಯಲ್ಲಿ. ಕೆಲವು ಊರುಗಳಲ್ಲಿ ಮಗ್ಗಾರೆಯನ್ನೂ ಕಾರೆ ಎಂದೇ ಕರೆಯುತ್ತಾರೆ. ಮಗ್ಗಾರೆ ಎಂದರೆ ಆಯುರ್ವೇದದ ಮದನಫಲ, ವಾಂತಿ ಮಾಡಿಸುವುದಕ್ಕೆಂದೇ ಕೊಡುವ ಕಾಯಿ. ಕಾಯಿಯ ಪುಡಿಯನ್ನು ಮಡುವಿಗೆ ಹಾಕಿ ಮೀನು ಹಿಡಿಯುವುದೂ ಉಂಟು. ‘ಕಾರೆ ಒಳ್ಳೆಯದು’ ಎಂಬ ಒಂದು ಸಾಲಿನ ಸಲಹೆ ಊರಿಂದೂರಿಗೆ ದಾಟುವಾಗ ಗಿಡವೇ ಬದಲಾಗಿಬಿಡಬಹುದು. ಕಣ್ಣಿಂದ ಗುರುತಿಸದ ಗಿಡವನ್ನು ಹೆಸರು ನಂಬಿ ತಿನ್ನಬಾರದೆಂದು ಹಿಂದಿನವರು ಹೇಳುತ್ತಿದ್ದುದು ಇದಕ್ಕೇ.

ಈಗ ಹಾರ್ಟಿನ ಮಾತು ಎಲ್ಲಿಂದ ಬಂತು ನೋಡೋಣ. ಒಂದು ಎಳೆ ಹೊರಗಿನದು. ಯುರೋಪಿನಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡವಿದೆ. ಗುಲಾಬಿಯ ಕುಟುಂಬದ್ದು, ಸೇಬಿಗೆ ಹತ್ತಿರದ ನಂಟು, ಸಣ್ಣ ಕೆಂಪು ಹಣ್ಣು. ಆ ಹೆಸರಿನ ಮೊದಲ ತುಂಡಿಗೆ ಹಳೆಯ ಇಂಗ್ಲಿಷಿನಲ್ಲಿ ಬೇಲಿ ಎಂದೇ ಅರ್ಥ. ನಮ್ಮ ದೇಶದಲ್ಲಿ ಅದು ಹಿಮಾಲಯದ ತಪ್ಪಲಲ್ಲಿ, ಕಾಶ್ಮೀರದ ಕಡೆ ಸಿಗುತ್ತದೆಯೇ ಹೊರತು ದಕ್ಷಿಣಕ್ಕೆ ಇಳಿಯುವುದಿಲ್ಲ. ಚೀನಾದಲ್ಲಿ ಅದರದೇ ಒಂದು ಜಾತಿಯ ಹಣ್ಣನ್ನು ಕಡ್ಡಿಗೆ ಪೋಣಿಸಿ, ಸಕ್ಕರೆ ಪಾಕದಲ್ಲಿ ಅದ್ದಿ ಬೀದಿಯಲ್ಲಿ ಮಾರುತ್ತಾರೆ. ಊಟ ಅರಗಲೆಂದು ಮದ್ದಿನಂತೆಯೂ ತಿನ್ನುತ್ತಾರೆ. ಯುರೋಪಿನಲ್ಲಿ ಅದು ಹೃದಯದ ಮದ್ದು. ಜರ್ಮನಿಯ ಸರ್ಕಾರಿ ಸಮಿತಿ 1994ರಲ್ಲಿ ಅದರ ಎಲೆ ಮತ್ತು ಹೂವಿನ ಸಾರಕ್ಕೆ, ಹೃದಯದ ಬಲ ತುಸು ಕುಂದಿದವರಿಗೆ ಕೊಡಬಹುದೆಂದು ಒಪ್ಪಿಗೆ ಕೊಟ್ಟಿತು. ಮುಂದೆ ಅದು ದೊಡ್ಡ ಪರೀಕ್ಷೆಗೂ ಒಳಗಾಯಿತು. 2681 ಹೃದ್ರೋಗಿಗಳಲ್ಲಿ ಕೆಲವರಿಗೆ ಸಾರ, ಉಳಿದವರಿಗೆ ಅದೇ ರೂಪದ ಬರಿ ಮಾತ್ರೆ ಎಂದು 2 ವರ್ಷ ಕೊಟ್ಟು ನೋಡಿದ ‘ಸ್ಪೈಸ್’ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸಾವು, ಹೃದಯಾಘಾತ, ಆಸ್ಪತ್ರೆ ಸೇರುವುದು ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ 14 ಸಣ್ಣ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ಪರಿಶೀಲನೆ, ಡಾಕ್ಟರ ಮದ್ದಿನ ಜೊತೆಗೆ ಕೊಟ್ಟರೆ ಏದುಸಿರು, ಆಯಾಸ ತುಸು ತಗ್ಗಬಹುದು ಎಂದಿತು. ಅಂದರೆ ಶತಮಾನಗಳ ನಂಬಿಕೆಯೂ ಸರಿಯಾಗಿ ಅಳೆದಾಗ ಅಷ್ಟಕ್ಕೇ ನಿಂತಿತು.

ಹಾಥಾರ್ನ್‌ನ ಈ ಹೆಸರು ಮೊಬೈಲುಗಳಲ್ಲಿ ಹರಿದಾಡಿ, ಮುಳ್ಳುಗಿಡ, ಕೆಂಪುಹಣ್ಣು, ಬೇಲಿ ಎಂಬ ಹೋಲಿಕೆಯಿಂದ ನಮ್ಮ ಕವಳೆಗೂ ಮೆತ್ತಿಕೊಂಡಿದೆ. ಎರಡಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಸೇಬಿನ ನಂಟನಿಗೂ ಕಣಗಿಲೆಯ ನಂಟನಿಗೂ ಬಹಳ ಅಂತರವಿದೆ.

ಇನ್ನೊಂದು ಎಳೆ ನಮ್ಮದೇ. ಅದು ಹೆಚ್ಚು ಸೊಗಸಾದದ್ದು. ಚರಕಸಂಹಿತೆಯಲ್ಲಿ ಹತ್ತು ಹತ್ತು ಮೂಲಿಕೆಗಳನ್ನು ಒಂದೊಂದು ಗುಣದ ಕೆಳಗೆ ಸೇರಿಸಿದ ಪಟ್ಟಿಗಳಿವೆ. ಅವುಗಳಲ್ಲಿ ‘ಹೃದ್ಯ’ ಎಂಬ ಗುಂಪಿನಲ್ಲಿ ಕರಮರ್ದ ಇದೆ. ಜೊತೆಗಿರುವವರು ಯಾರು ನೋಡಿ: ಮಾವು, ಅಮಟೆ, ಲಿಕುಚ, ವೃಕ್ಷಾಮ್ಲ, ಅಮ್ಲವೇತಸ, ಎಲಚಿಯ ಎರಡು ಬಗೆ, ದಾಳಿಂಬೆ, ಮಾದಳ. ಹತ್ತಕ್ಕೆ ಹತ್ತೂ ಹುಳಿಯ ಬಳಗ. ಇವೆಲ್ಲ ಹೃದಯಾಘಾತದ ಮದ್ದೆಂದು ಚರಕ ಹೇಳಿದನೇ? ನನಗೆ ಹಾಗೆ ತೋರುವುದಿಲ್ಲ. ಹೃದ್ಯ ಎಂಬ ಮಾತನ್ನು ಕನ್ನಡಿಗರು ಈಗಲೂ ಬಳಸುತ್ತೇವೆ. ಹೃದ್ಯವಾದ ಗಾಯನ ಎನ್ನುತ್ತೇವೆ, ಹೃದ್ಯವಾದ ಬರಹ ಎನ್ನುತ್ತೇವೆ. ಮನಸ್ಸಿಗೆ ಹಿಡಿಸುವುದು, ಎದೆಗೆ ತಂಪೆನಿಸುವುದು ಹೃದ್ಯ. ಜ್ವರ ಬಿಟ್ಟು ನಾಲಿಗೆ ಕೆಟ್ಟಾಗ, ಬಸುರಿಗೆ ಊಟ ಸೇರದಾಗ, ಸುಡು ಬೇಸಿಗೆಯಲ್ಲಿ ಮುದ್ದೆ ಒಳಗಿಳಿಯದಾಗ ಒಂದಿಷ್ಟು ಹುಳಿ ಮಾಡುವ ಉಪಕಾರಕ್ಕೆ ಇಟ್ಟ ಹೆಸರದು. ಆಯುರ್ವೇದದ ಇನ್ನೊಂದು ಗ್ರಂಥವಾದ ಭಾವಪ್ರಕಾಶವೂ ಕರಮರ್ದವನ್ನು ಎರಡಾಗಿ ನೋಡುತ್ತದೆ: ಕಾಯಿ ಹುಳಿ, ಜಡ, ಪಿತ್ತ ಕೆರಳಿಸುವಂಥದ್ದು, ಹಣ್ಣು ಸಿಹಿ, ಹಗುರ, ಪಿತ್ತ ತಗ್ಗಿಸುವಂಥದ್ದು. ‘ಬಾಯಿಗೆ ಹಿತವಾಗೈತೆ’ ಎಂದ ಅಜ್ಜಿ ಚರಕನ ಮಾತಿಗೆ ಸರಿಯಾದ ಟೀಕೆ ಬರೆದಳು ಎಂದೇ ನಾನು ತಿಳಿದಿದ್ದೇನೆ.

ಆದರೆ ಗಿಡದ ಬೇರಿನದು ಬೇರೆ ಕತೆ. ಕವಳೆಯ ಬೇರಿನಲ್ಲಿ ಹೃದಯದ ಬಡಿತದ ಮೇಲೆ ನಿಜಕ್ಕೂ ಕೆಲಸ ಮಾಡುವ ಗ್ಲೈಕೋಸೈಡುಗಳಿವೆ. ವೋಹ್ರಾ ಮತ್ತು ಡೇ ಎಂಬ ವಿಜ್ಞಾನಿಗಳು 1963ರಷ್ಟು ಹಿಂದೆಯೇ ದೊಡ್ಡ ಕವಳೆ, ಸಣ್ಣ ಕವಳೆ ಎರಡರ ಈ ಗುಣವನ್ನೂ ಹೋಲಿಸಿ ಬರೆದಿದ್ದರು. ಕಣಗಿಲೆಯನ್ನು ವಿಷವಾಗಿಸುವುದೂ ಇದೇ ಬಗೆಯ ವಸ್ತು. ಡಿಜಾಕ್ಸಿನ್ ಎಂಬ ಹೃದಯದ ಮಾತ್ರೆಯೂ ಇದೇ ಬಗೆಯದು. ಕವಳೆಗೆ ತೀರ ಹತ್ತಿರದ ಇನ್ನೊಂದು ಕುಲದ ಗಿಡದಿಂದ ಆಫ್ರಿಕಾದ ಬೇಟೆಗಾರರು ಬಾಣಕ್ಕೆ ಹಚ್ಚುವ ವಿಷ ತೆಗೆಯುತ್ತಿದ್ದರು. ಹೃದಯಕ್ಕೆ ಮುಟ್ಟುವ ಗುಣ ಇರುವುದು ಬೇರಿನಲ್ಲಿ, ಮತ್ತು ಅಲ್ಲೇ ಅಪಾಯವೂ ಇದೆ. ಹಣ್ಣಿನ ಹೆಸರು ಕೇಳಿ ಬೇರಿನ ಕಷಾಯ ಕಾಯಿಸುವವರು, ಅದರಲ್ಲೂ ಆಗಲೇ ಹೃದಯದ ಮಾತ್ರೆ ನುಂಗುತ್ತಿರುವವರು, ದಯವಿಟ್ಟು ಇದನ್ನು ನೆನಪಿಡಬೇಕು. ಮನೆಯಲ್ಲಿ ಬೇರು ಕುದಿಸಿ ಕುಡಿಯಬಾರದು.

ಹಾಗಂತ ಬೇರಿಗೆ ಹಳ್ಳಿಯಲ್ಲಿ ಬಳಕೆ ಇಲ್ಲದಿಲ್ಲ. ದನಕರುಗಳ ಗಾಯಕ್ಕೆ ಹುಳು ಬಿದ್ದಾಗ ಬೇರು ತೇಯ್ದು ಹಚ್ಚುವುದನ್ನು ದೇಶದ ಅನೇಕ ಕಡೆ ದಾಖಲಿಸಿದ್ದಾರೆ. ಅದರ ಕಟು ವಾಸನೆಗೆ ನೊಣ ಹತ್ತಿರ ಸುಳಿಯುವುದಿಲ್ಲ. ಇದೇ ಸಣ್ಣ ಕವಳೆ ಆಫ್ರಿಕಾದಿಂದ ಆಸ್ಟ್ರೇಲಿಯಾವರೆಗೆ ಹಬ್ಬಿರುವ ಗಿಡ. ಬೇರೆ ಬೇರೆ ಹೆಸರಿನಲ್ಲಿದ್ದ ಹಲವು ಜಾತಿಗಳು ಒಂದೇ ಎಂದು 2001ರಲ್ಲಿ ನೆದರ್ಲೆಂಡ್ಸಿನ ಸಸ್ಯಶಾಸ್ತ್ರಜ್ಞರು ತೀರ್ಮಾನಿಸಿದರು. ಕೀನ್ಯಾದಲ್ಲಿ ಮಸಾಯಿ ದನಗಾಹಿಗಳು ಇದರ ಬೇರನ್ನು ಮಾಂಸದ ಸಾರಿಗೆ ಹಾಕುತ್ತಾರೆ. ಅಲ್ಲಿನ ವಿಜ್ಞಾನಿಗಳು 2006ರಲ್ಲಿ ಬೇರಿನ ಸಾರ ಸರ್ಪಸುತ್ತಿನ ಬಳಗದ ಹರ್ಪಿಸ್ ವೈರಸ್ಸನ್ನು ಇಲಿಗಳಲ್ಲಿ ತಡೆಯಿತೆಂದು ಬರೆದರು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಹಣ್ಣು ತಿನ್ನುತ್ತಾರೆ. ಸಕ್ಕರೆ ಕಾಯಿಲೆಗೆ, ಯಕೃತ್ತಿಗೆ, ಊತಕ್ಕೆ ಎಂದು ನಮ್ಮ ದೇಶದ ಪ್ರಯೋಗಾಲಯಗಳಿಂದಲೂ ಬಹಳ ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಇಲಿಯ ಮೇಲೆ, ಇಲ್ಲವೇ ಗಾಜಿನ ಕೊಳವೆಯಲ್ಲಿ ನಡೆದವು. ಹಾಥಾರ್ನ್‌ಗೆ ನಡೆದಂಥ, ಸಾವಿರಾರು ರೋಗಿಗಳ ಪರೀಕ್ಷೆ ಕವಳೆಗೆ ನಡೆದಿಲ್ಲ. ನಂಬಿಕೆಯಿಂದ ಪುರಾವೆಗೆ ಹಾರುವ ಹೊಂಡ ಎಷ್ಟು ಅಗಲ ಎಂಬುದನ್ನು ಹಾಥಾರ್ನ್‌ನ ಕತೆಯೇ ತೋರಿಸಿದೆ.

ಕಬ್ಬಿಣದ ಮಾತೂ ಹೀಗೇ ಉಬ್ಬಿದೆ. ಕವಳೆಯಲ್ಲಿ 100 ಗ್ರಾಂಗೆ 39 ಮಿಲಿಗ್ರಾಂ ಕಬ್ಬಿಣ ಎಂದು ಎಲ್ಲರೂ ಬರೆಯುತ್ತಾರೆ. ಆ ಅಂಕಿ ಒಣಗಿಸಿದ ಕಾಯಿಯದು. ನೀರೇ ಹೆಚ್ಚಿರುವ ಹಸಿ ಹಣ್ಣು ಒಂದು ಲೋಟ ತಿಂದರೆ ರಕ್ತಹೀನತೆ ಓಡಿಹೋಗುವುದಿಲ್ಲ. ಆದರೆ ಹುಳಿಹಣ್ಣು ಊಟದ ಜೊತೆಗಿದ್ದರೆ ರಾಗಿಯ, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ ಎಂಬುದು ನಿಜ. ಕವಳೆಕಾಯಿ ಚಟ್ನಿಗೂ ರಾಗಿಮುದ್ದೆಗೂ ಇರುವ ಜೋಡಿ ರುಚಿಗಾಗಿ ಹುಟ್ಟಿದ್ದಾದರೂ ಮೈಗೂ ಒಗ್ಗುವಂಥದ್ದು.

ಅಡುಗೆಮನೆಗೆ ಬಂದರೆ ಇದರ ಪ್ರಯೋಜನಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಏಪ್ರಿಲ್-ಮೇನಲ್ಲಿ ಕಾಯಿ ಇನ್ನೂ ಹಸಿರಾಗಿರುವಾಗ ತಂದು, ತೊಟ್ಟು ತೆಗೆದು, ಎರಡಾಗಿ ಸೀಳಿ ಬೀಜ ಬಿಡಿಸಬೇಕು. ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಅಂಟುಹಾಲು ಬಿಡುವುದಿಲ್ಲ. ಉಪ್ಪುನೀರಿನಲ್ಲಿ ನಾಲ್ಕು ಸಲ ತೊಳೆದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಎಣ್ಣೆಯಲ್ಲಿ ಬಾಡಿಸಿ, ಕಾಯಿತುರಿ, ಕೊತ್ತಂಬರಿ ಹಾಕಿ ಒರಳಲ್ಲಿ ರುಬ್ಬಿದರೆ ಚಟ್ನಿ. ನನ್ನ ಅಜ್ಜಿ ಇದಕ್ಕೆ ಬೆಲ್ಲದ ಚೂರು ಹಾಕಲು ಬಿಡುತ್ತಿರಲಿಲ್ಲ; ಹುಳಿಯನ್ನು ಹುಳಿಯಾಗಿಯೇ ತಿನ್ನಬೇಕು ಅನ್ನುತ್ತಿದ್ದಳು. ಉಪ್ಪಿನಕಾಯಿಗೆ ಮಾವಿನ ಮಿಡಿಯಷ್ಟೇ ಮರ್ಯಾದೆ. ತೆಲುಗರು ತೊಗರಿಬೇಳೆಗೆ ಹುಣಸೆಯ ಬದಲು ವಾಕಕಾಯಿ ಹಾಕಿ ಪಪ್ಪು ಮಾಡುತ್ತಾರೆ; ಹುಣಸೆಯ ನಾಡಾದ ತುಮಕೂರಿನವರೂ ಒಮ್ಮೆ ಮಾಡಿ ನೋಡಬೇಕಾದ ಅಡುಗೆ ಅದು. ತೆಲುಗರು ಕಾರೆಯ ಎಲೆಯನ್ನೂ ಬಿಟ್ಟಿಲ್ಲ. ಬಲುಸು ಎಂದು ಕರೆದು, ಬರದ ಕಾಲದಲ್ಲಿ ಬೇಯಿಸಿ ತಿಂದಿದ್ದಾರೆ. ಬದುಕುಳಿದರೆ ಬಲುಸಿನ ಸೊಪ್ಪಾದರೂ ತಿನ್ನಬಹುದು ಎಂಬ ಗಾದೆಯನ್ನೇ ಕಟ್ಟಿಕೊಂಡಿದ್ದಾರೆ. ಮಾಗಿದ ಕವಳೆಯನ್ನು ಮಾತ್ರ ಅಡುಗೆಮನೆಗೆ ತರುವವರು ಕಡಿಮೆ. ಅದು ದನ ಕಾಯುವ ಮಕ್ಕಳ ಪಾಲು. ಹಾಲು ತುಟಿಗೆ ಅಂಟದ ಹಾಗೆ ಹಣ್ಣನ್ನು ಉಪ್ಪಿನಲ್ಲಿ ಹೊರಳಿಸಿ ತಿನ್ನುವುದನ್ನು ನಾವು ಹೇಳಿಸಿಕೊಳ್ಳದೆ ಕಲಿತೆವು.

ಪೇಟೆಯ ಮಕ್ಕಳೂ ಇದನ್ನು ತಿಂದಿದ್ದಾರೆ, ಗೊತ್ತಿಲ್ಲದೆ. ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ‘ಚೆರ್ರಿ’ ನಮ್ಮ ದೇಶದಲ್ಲಿ ಬಹಳ ಸಲ ದೊಡ್ಡ ಕವಳೆಯ ಕಾಯಿಯೇ. ಬೀಜ ತೆಗೆದು, ಬಣ್ಣ ಕಳೆದು, ಕೆಂಪು ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿಟ್ಟದ್ದು. ತನ್ನ ಹುಳಿ, ಕಂಪು, ಬಣ್ಣ ಮೂರನ್ನೂ ಕಳೆದುಕೊಂಡ ಮೇಲೆಯೇ ಅದಕ್ಕೆ ಪೇಟೆಯಲ್ಲಿ ಜಾಗ ಸಿಕ್ಕಿತೆನ್ನುವುದು ನನಗೆ ನೋವಿನ ವಿಷಯ.

ಆದರೂ ನನ್ನ ದೊಡ್ಡ ಚಿಂತೆ ಅದಲ್ಲ. ಕವಳೆ ಇದ್ದದ್ದು ಕಾಡಿನಲ್ಲಷ್ಟೇ ಅಲ್ಲ, ಬೇಲಿಯಲ್ಲೂ. ಇಂಗ್ಲೆಂಡಿನಲ್ಲಿ ಹಾಥಾರ್ನ್ ಬೇಲಿಯನ್ನು ಜಮೀನ್ದಾರರು ಅಳತೆ ಹಿಡಿದು ನೆಡಿಸಿದರು. ನಮ್ಮ ಬೇಲಿಗಳನ್ನು ಬಹುಪಾಲು ಹಕ್ಕಿಗಳೇ ನೆಟ್ಟವು. ಪಿಕಳಾರ ಹಣ್ಣು ತಿಂದು ಬದುವಿನ ಕಲ್ಲಿನ ಮೇಲೆ ಕೂತು ಬೀಜ ಉದುರಿಸಿತು, ಮಳೆಗೆ ಮೊಳೆಯಿತು, ರೈತ ಕೀಳದೆ ಬಿಟ್ಟ. ಹೀಗೆ ಕಳ್ಳಿ, ಕತ್ತಾಳೆಗಳ ನಡುವೆ ಕಾರೆ, ಕವಳೆ, ಸೀತಾಫಲ, ತೊಂಡೆ, ಅಮೃತಬಳ್ಳಿ ಹೆಣೆದುಕೊಂಡು ಒಂದೊಂದು ಬೇಲಿಯೂ ಗಿಡಮೂಲಿಕೆಯ ಅಂಗಡಿಯಂತಿತ್ತು. ಮುಳ್ಳಿನೊಳಗೆ ಹಕ್ಕಿಯ ಗೂಡು, ಮುಂಗುಸಿಯ ಮನೆ. ಈಗ ಹುಲಿಯೂರುದುರ್ಗದ ಸುತ್ತ ನಡೆದು ನೋಡಿ: ಕಲ್ಲುಕಂಬ, ತಂತಿ. ಹೇಮಾವತಿ ನಾಲೆ ಮುಟ್ಟಿದ ಕಡೆ ಅಡಿಕೆ, ತೆಂಗಿನ ತೋಟ ಬದುವಿನಂಚಿನವರೆಗೂ ಬಂದಿದೆ. ಜೆಸಿಬಿ ಅರ್ಧ ದಿನದಲ್ಲಿ ನೂರು ವರ್ಷದ ಬೇಲಿಯನ್ನು ಬೋಳು ಮಾಡುತ್ತದೆ. ರೈತನನ್ನು ದೂರಲಾರೆ. ಒಂದು ಮೊಳ ಜಾಗಕ್ಕೂ ಬೆಲೆ ಬಂದಿದೆ, ಬೇಲಿ ಸವರಲು ಆಳು ಸಿಗುವುದಿಲ್ಲ. ಉಳಿದ ಗೋಮಾಳ, ಗುಡ್ಡಗಳಲ್ಲಿ ಲಂಟಾನ ಹಬ್ಬಿದೆ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಹಳೆಯ ತೋಪುಗಳು ನಿಂತೇ ಇವೆ. ಬೇಸಿಗೆಯಲ್ಲಿ ಯಾರೋ ಹಚ್ಚಿದ ಬೆಂಕಿ ಬೆಟ್ಟ ಹತ್ತುತ್ತದೆ. ಕವಳೆ ಬುಡದಿಂದ ಮತ್ತೆ ಚಿಗುರುವ ಗಟ್ಟಿ ಗಿಡ ನಿಜ, ಆದರೆ ಪ್ರತಿ ವರ್ಷ ಸುಟ್ಟರೆ ಹಣ್ಣು ಬಿಡುವ ವಯಸ್ಸೇ ಅದಕ್ಕೆ ಬರುವುದಿಲ್ಲ. ಕರಡಿಗೆ ಬೆಟ್ಟದ ಮೇಲೆ ಕಾರೆ, ಕವಳೆ, ಎಲಚಿ ಸಿಗದಿದ್ದಾಗ ಅದು ಎಲ್ಲಿಗೆ ಇಳಿಯುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ.

ಉಳಿಸುವ ಕೆಲಸ ಶುರುವಾಗಿಯೇ ಇಲ್ಲ ಎಂದೂ ಅಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ರಾಜ್ಯದಲ್ಲಿ ಔಷಧಿ ಸಸ್ಯಗಳ ರಕ್ಷಿತ ತಾಣಗಳನ್ನು ಗುರುತಿಸಿತು. ತುಮಕೂರಿನ ದೇವರಾಯನದುರ್ಗ, ನಮಗೆ ನೆರೆಯ ಸಾವನದುರ್ಗ ಆ ಪಟ್ಟಿಯಲ್ಲಿವೆ. ಅವೆರಡರ ಕುರುಚಲು ಕಾಡೂ ನಮ್ಮ ಕಾಡಿನಂಥದ್ದೇ. ಹುಲಿಯೂರುದುರ್ಗ, ಹೇಮಗಿರಿ, ಹುತ್ರಿದುರ್ಗದ ಬೆಟ್ಟಗಳಿಗೂ ಅಂಥ ಕಣ್ಣು ಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯೂ ತನ್ನ ಊರಿನ ಗಿಡಮರಗಳನ್ನು, ಅವುಗಳ ಬಳಕೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕದಲ್ಲಿ ಯಾವ ಬೇಲಿಯಲ್ಲಿ ಯಾವ ಕವಳೆ ಇದೆ, ಯಾವುದು ಸಿಹಿ, ಯಾವುದು ಉಪ್ಪಿನಕಾಯಿಗೆ ಸರಿ ಎಂಬುದನ್ನು ನಮ್ಮ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಳ್ಳಲು ಇನ್ನು ಹತ್ತು ವರ್ಷ ಕಾಯುವಂತಿಲ್ಲ.

ಪಕ್ಕದಲ್ಲೇ ಒಂದು ಒಳ್ಳೆಯ ಮಾದರಿಯೂ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಒಂದೇ ಒಂದು ಕೆಂದೊಳೆಯ ಹಲಸಿನ ಮರವನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿ, ‘ಸಿದ್ದು’ ಎಂದು ಹೆಸರಿಟ್ಟು, 2017ರಲ್ಲಿ ಆ ಕುಟುಂಬದೊಂದಿಗೇ ಒಪ್ಪಂದ ಮಾಡಿಕೊಂಡು ಕಸಿಗಿಡ ಹಂಚಲು ಶುರುಮಾಡಿದರು. ಮರ ಉಳಿಯಿತು, ಮರ ಸಾಕಿದವರಿಗೂ ಪಾಲು ಬಂತು. ದೊಡ್ಡ ಕವಳೆಯಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದವರು ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಎಂಬ ತಳಿಗಳನ್ನೂ, ಕೊಂಕಣದ ಕೃಷಿ ವಿಶ್ವವಿದ್ಯಾಲಯದವರು ಕೊಂಕಣ್ ಬೋಲ್ಡನ್ನೂ ತಂದಿದ್ದಾರೆ. ನಮ್ಮ ಕಲ್ಲುಗುಡ್ಡದ ಸಣ್ಣ ಕವಳೆಗಳಲ್ಲೂ ಹಾಗೆ ಆರಿಸಿ ತೆಗೆಯುವಂಥ ಗಿಡಗಳು ಖಂಡಿತ ಇವೆ. ಅವು ಹೋಗುವ ಮೊದಲು ಯಾರಾದರೂ ನೋಡಬೇಕು.

ಅಷ್ಟರವರೆಗೆ ಬೇಲಿ ಕಟ್ಟಲು ಯಾರ ಅಪ್ಪಣೆಯೂ ಬೇಡ. ಕವಳೆ ಬೀಜಕ್ಕೆ ಆಯಸ್ಸು ಕಡಿಮೆ, ಡಬ್ಬಿಯಲ್ಲಿಟ್ಟರೆ ಸಾಯುತ್ತದೆ. ಚೆನ್ನಾಗಿ ಕಪ್ಪಾದ ಹಣ್ಣು ಹಿಸುಕಿ, ತಿರುಳು ತೊಳೆದು, ಒಂದು ದಿನ ನೆರಳಲ್ಲಿ ಆರಿಸಿ, ಆ ವಾರವೇ ಮಣ್ಣು-ಗೊಬ್ಬರ ತುಂಬಿದ ಚೀಲಕ್ಕೆ ಊರಬೇಕು. ಮರುವರ್ಷದ ಮುಂಗಾರಿಗೆ ಗೇಣುದ್ದದ ಸಸಿ ಸಿಗುತ್ತದೆ. ಬದುವಿನ ಮೇಲೆ 3 ಅಡಿಗೊಂದರಂತೆ ಇಟ್ಟು, ಮೊದಲ ಎರಡು ಬೇಸಿಗೆ ಮಾತ್ರ ಆಡುಗಳಿಂದ ಕಾಯ್ದುಕೊಂಡರೆ ಸಾಕು. ಆಮೇಲೆ ಮುಳ್ಳು ಬಲಿತು ಅದೇ ನಮ್ಮನ್ನು ಕಾಯುತ್ತದೆ. ನಮ್ಮ ಹೊಲದ ಮೂಡಣ ಬದುವಿನಲ್ಲಿ ತಂತಿ ಎಳೆಸದೆ ಹೀಗೆ ಇಟ್ಟ ಸಸಿಗಳು ಈಗ ಮೊಣಕಾಲು ಮುಟ್ಟುತ್ತಿವೆ. ಈ ಏಪ್ರಿಲ್‌ನಲ್ಲಿ ಮೊದಲ ಬಾರಿ ಎರಡು ಗಿಡಗಳಲ್ಲಿ ಹೂ ಬಂತು. ಕಾಯಿ ಕಟ್ಟಿದ್ದು ಕೆಲವೇ. ಅವನ್ನು ಕೀಳದೆ ಪಿಕಳಾರಗಳಿಗೆ ಬಿಟ್ಟಿದ್ದೇವೆ.